ಮೂರು ಬಂದಾಗ ಒತ್ತಬಾರದು: ಸ್ಟ್ರೋಕ್ ಆದವರ ಗಮನ ಅಳೆದ ನನ್ನ ಅನುಭವ

ಸ್ಟ್ರೋಕ್ ಆದವರ ಗಮನವನ್ನು ಕಂಪ್ಯೂಟರಿನಲ್ಲಿ ಅಳೆಯುತ್ತೇನೆ ಎಂದಾಗ, “ಬೀಡಿ ಕಟ್ಟುವ ಅಮ್ಮಂದಿರನ್ನು ಕಂಪ್ಯೂಟರ್ ಮುಂದೆ ಕೂರಿಸ್ತೀರಾ? ಆಗ್ಲಿಕ್ಕಿಲ್ಲ ಮೇಡಂ” ಎಂದಿದ್ದ ಹಿರಿಯ ಡಾಕ್ಟರೇ ಈಗ ಮಂಗಳೂರಿನ ಕಂಕನಾಡಿಗೆ, ನನ್ನ ಹತ್ತಿರ ಪೇಷಂಟ್ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಗದದಲ್ಲಿ ಅಕ್ಷರ ಹೊಡೆದುಹಾಕಿಸುವ ಟೆಸ್ಟ್ ಎರಡು-ಮೂರು ನಿಮಿಷದಲ್ಲಿ ಮುಗಿಯುತ್ತದೆ. ಬಲ ಮೆದುಳಿಗೆ ಪೆಟ್ಟಾದವರು ಎಡಭಾಗವನ್ನೇ ಬಿಟ್ಟರೆ ಅದು ಗಮನ ಜಾರಿದ್ದೋ, ಎಡ ಕಾಣದ್ದೋ? ತಿಳಿಯುವುದಿಲ್ಲ. “ಎಲ್ಲ ಮಾಡ್ತಾರೆ, ಆದ್ರೆ ಅರ್ಧಕ್ಕೆ ಬಿಡುವುದು” ಎಂದು ಮನೆಯವರು ಹೇಳುವ ತೊಂದರೆ ಅದಕ್ಕೆ ಸಿಗುವುದೇ ಇಲ್ಲ.

ನಾನು ಹಿಡಿದದ್ದು 1997ರ ಸಾರ್ಟ್ (SART), ಒಂದೇ ಕೆಲಸದಲ್ಲಿ ಗಮನ ನಿಲ್ಲುತ್ತದೋ ಎಂದು ನೋಡುವ ಕಂಪ್ಯೂಟರ್ ಟೆಸ್ಟ್. ಪರದೆಯ ನಡುವೆ 1ರಿಂದ 9ರ ಅಂಕಿಗಳು, ಒಟ್ಟು 225 ಸಲ. ಎಲ್ಲಕ್ಕೂ ಒತ್ತಬೇಕು, 3ಕ್ಕೆ ಮಾತ್ರ ಸುಮ್ಮನಿರಬೇಕು. ಮೂಲದ ಓಟ 1150 ಮಿಲಿಸೆಕೆಂಡಿಗೊಂದು ಅಂಕಿ. ನಮ್ಮವರು ಮೊದಲ ನಿಮಿಷದಲ್ಲೇ ಕೈಬಿಟ್ಟರು. ಸುಮಾರು ಒಂದೂವರೆ ಸೆಕೆಂಡಿಗೆ ಎಳೆದೆ. ಎಳೆದರೆ ಪುಸ್ತಕದ ನಾರ್ಮ್ಸ್, ಅಂದರೆ ಹೋಲಿಸಿ ನೋಡುವ ಆರೋಗ್ಯವಂತರ ಅಳತೆ, ಉಪಯೋಗಕ್ಕಿಲ್ಲ. ಹಾಗಾಗಿ ಪೇಷಂಟ್ ಜೊತೆ ಬಂದ ಅದೇ ವಯಸ್ಸಿನ ಗಂಡ, ಹೆಂಡತಿ, ಅತ್ತಿಗೆಯರನ್ನು ಒಪ್ಪಿಸಿ ಕೂರಿಸಿ ನನ್ನದೇ ಅಳತೆ ಮಾಡಿಕೊಂಡೆ. ತಿಂಗಳುಗಟ್ಟಲೆ ಹಿಡಿಯಿತು, ಈ ಊರಿನಲ್ಲಿ ಇಂಥ ಅಳತೆ ಬೇರೆ ಯಾರ ಹತ್ತಿರವೂ ಇರಲಿಕ್ಕಿಲ್ಲ.

ದುಡ್ಡಿನ ವಿಷಯ. ಲೈಸೆನ್ಸ್ ಇರುವ ಪ್ಯಾಕೇಜಿಗೆ ಲಕ್ಷದ ಹತ್ತಿರ ಕೇಳಿದರು. ನಾನು ಇಂಥ ಟೆಸ್ಟ್ ಮಾಡುವ ಸೈಕೋಪೈ ಎಂಬ ಸಾಫ್ಟ್‌ವೇರ್ ಹಾಕಿದೆ, ಅದು ಪುಕ್ಕಟೆ. ಹಂಪನಕಟ್ಟೆಯ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಹದಿನಾಲ್ಕು ಸಾವಿರವೇನೋ ಆಯಿತು. ಟಚ್‌ಸ್ಕ್ರೀನ್‌ಗೆ ಹಾಕಿದ ದುಡ್ಡು ನೀರಿಗೆ ಹೋಯಿತು: ಏಪ್ರಿಲ್ ಸೆಕೆಗೆ ಬೆವರಿದ ಬೆರಳು ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ಬ್ಲೂಟೂತ್ ಕೀಬೋರ್ಡ್ ತನ್ನದೇ ತಡವನ್ನು ಸೇರಿಸಿತು. ಕೊನೆಗೆ ಗೇಮ್ ಮೆಷಿನ್ನಿನ ದೊಡ್ಡ ಬಟನ್, ವಯರ್ ಸಮೇತ ಆರುನೂರು ರೂಪಾಯಿಯೊಳಗೆ. ಚೆನ್ನಾಗಿ ಆಡುವ ಕೈಯ ಕೆಳಗೆ ಅದನ್ನು ಟೇಪ್ ಹಾಕಿ ಕೂರಿಸಿದ ಮೇಲೆ ಗಲಾಟೆ ನಿಂತಿತು. ಪರದೆ 60 ಹರ್ಟ್ಸ್ ಇದ್ದರೆ, ಅಂದರೆ ಸೆಕೆಂಡಿಗೆ 60 ಸಲ (ಫ್ರೇಮ್) ಚಿತ್ರ ಬದಲಿಸಿದರೆ, ಅಂಕಿ ಕಾಣುವ 250 ಮಿಲಿಸೆಕೆಂಡ್ ಎಂದರೆ ಸರಿಯಾಗಿ 15 ಫ್ರೇಮ್. ಪ್ರೋಗ್ರಾಮಿನಲ್ಲಿ ಈ ಹೊತ್ತನ್ನು ಸೆಕೆಂಡಿನಲ್ಲಿ ಬರೆಯಬೇಡಿ, ಫ್ರೇಮಿನಲ್ಲೇ ಬರೆಯಿರಿ.

ಬರೀ ತಪ್ಪುಗಳನ್ನು ಲೆಕ್ಕಹಾಕಿ ರಿಪೋರ್ಟ್ ಕೊಡುವವರ ಮೇಲೆ ನನಗೆ ಸಿಟ್ಟಿದೆ. ವಯಸ್ಸಾದವರು ನಿಧಾನ ಮಾಡಿ ಕಡಿಮೆ ತಪ್ಪಿನಲ್ಲಿ ಮುಗಿಸುತ್ತಾರೆ. ನೋಡಬೇಕಾದದ್ದು ಒತ್ತುವ ವೇಗದ ಏರಿಳಿತ, ಮತ್ತು ತಪ್ಪಿಗೆ ಮುಂಚಿನ ನಾಲ್ಕು ಒತ್ತು. ಗಮನ ಹೋದಾಗ ಅವು ಬೇಗ ಬೇಗ ಬೀಳುತ್ತವೆ. ಬೀಡಿ ಕಟ್ಟುವ ಒಬ್ಬರು ಕಾಗದದ ಟೆಸ್ಟಿನಲ್ಲಿ ಪೂರ್ತಿ ಪಾಸು. ಇಲ್ಲಿ ಕೊನೆಯ ಎರಡು ನಿಮಿಷದ ವೇಗದ ಗೆರೆ ಎದ್ದುಬಿದ್ದು ಹೋಗಿತ್ತು. ಗ್ರಾಫ್ ನೋಡಿದ ಮಗಳು, “ಮನೆಯಲ್ಲೂ ಹೀಗೇ” ಎಂದಳು. ಡಾಕ್ಟರರು ನಂಬಿದ್ದು ಆ ಗ್ರಾಫ್ ಕಂಡ ಮೇಲೆ.

ಅಂಕಿ ಓದಲಾಗದವರಿಗೆ ಮೀನಿನ ಚಿತ್ರ ಹಾಕಿಯೂ ನೋಡಿದೆ: ಎಲ್ಲಕ್ಕೂ ಒತ್ತಿ, ಬಂಗುಡೆಗೆ ಬೇಡ. ಮಲ್ಪೆ ಕಡೆಯವರು ಬಹಳ ಚುರುಕು. ಆದರೆ ಮೀನು ತಿನ್ನದ ಮನೆಯವರಿಗೆ ಬಂಗುಡೆ, ಬೂತಾಯಿ ಎರಡೂ ಒಂದೇ. ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಬೆಳಿಗ್ಗೆ ಹತ್ತಕ್ಕೇ ಮಾಡಿ, ಫಿಸಿಯೋಥೆರಪಿಗೆ ಮೊದಲು. ಊಟದ ಮೇಲೆ ಬಂದ ಅಂಕಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತುಳುವಿನವರಿಗೆ ಮೂರನ್ನು ‘ಮೂಜಿ’ ಎಂದೇ ಹೇಳಿ. ಅಭ್ಯಾಸದ ಸುತ್ತಿಗೂ ಟೆಸ್ಟಿಗೂ ನಡುವೆ ನಾನು ಮಾಡುವ ಇನ್ನೊಂದು ಸಣ್ಣ ಕೆಲಸವಿದೆ, ಅರ್ಧಕ್ಕೆ ಏಳುವವರು ಕಡಿಮೆಯಾದದ್ದು ಅದರಿಂದಲೇ. ಅದನ್ನು ಬರೆದು ಹೇಳಲಿಕ್ಕಾಗುವುದಿಲ್ಲ. ಕಂಕನಾಡಿಗೆ ಬಂದರೆ ಕೂರಿಸಿ ತೋರಿಸುತ್ತೇನೆ.