ಚಕ್ರ ಇಲ್ಲದ ಬೈಕು ನನ್ನ ಶೆಡ್ಡಿಗೆ ಬಂದಾಗ

ದಾವಣಗೆರೆಯಲ್ಲಿ ನನ್ನದು ಹಳೇ ಟೂ ಸ್ಟ್ರೋಕ್ ಬೈಕುಗಳ ಕೆಲಸ. ಒಂದು ಮಳೆಗಾಲದಲ್ಲಿ ಕಾಯಂ ಗಿರಾಕಿಯೊಬ್ಬರು ಮುರುಡೇಶ್ವರದ ಕಡೆಯಿಂದ ತಮ್ಮ ಭಾಮೈದನ ಜೆಟ್ ಸ್ಕೀಯನ್ನು, ಅಂದರೆ ನೀರಿನ ಮೇಲೆ ಓಡುವ ದೋಣಿ ಮೈಯ ಬೈಕನ್ನು, ಟಾಟಾ ಏಸ್‌ನಲ್ಲಿ ಹಾಕಿಸಿಕೊಂಡು ಬಂದರು. ಎರಡು ಸಿಲಿಂಡರಿನ ಹಳೇ ಟೂ ಸ್ಟ್ರೋಕ್. "ಸಿಡಿಐ ಹೋಗಿದೆ ಅಂದ್ರು, ಹೊಸದು ತಂದೀನಿ, ಹಾಕಿಬಿಡಪ್ಪ" ಅಂದರು. ಸಿಡಿಐ ಅಂದರೆ ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ. ಓಣಿ ಹುಡುಗರು ಸುತ್ತ ನಿಂತು "ಅಣ್ಣಾ, ಚಕ್ರ ಎಲ್ಲಿ?" ಅಂತ ಒಂದೇ ಸಮ.

ಮೊದಲು ಸೀಟ್ ತೆಗೆದು ಅರ್ಧ ಗಂಟೆ ಗಾಳಿಗೆ ಬಿಟ್ಟೆ. ಬೈಕಿನ ಹಾಗಲ್ಲ ಇದು, ಪೆಟ್ರೋಲ್ ಆವಿ ದೋಣಿಯ ತಳದಲ್ಲೇ ನಿಂತಿರುತ್ತದೆ. ಅಲ್ಲಿ ಕಿಡಿ ಹಾರಿದರೆ ಮುಗೀತು.

ಸವಾರ ನೀರಿಗೆ ಬಿದ್ದರೆ ಕಿತ್ತುಬಂದು ಇಂಜಿನ್ ನಿಲ್ಲಿಸುವ ಹಗ್ಗದ ಕ್ಲಿಪ್ ಹಾಕಿ, ಸೆಲ್ಫ್ ಒತ್ತಿದೆ. ಟಕ್. ಅಷ್ಟೇ. ಬ್ಯಾಟರಿ 12.5 ವೋಲ್ಟ್ ಇತ್ತು, ಒತ್ತಿದಾಗಲೂ 12.4. ನನಗೆ ಅಲ್ಲೇ ಅನುಮಾನ ಬಂತು, ಯಾಕೆಂದರೆ ಮೋಟಾರ್ ನಿಜವಾಗಿ ಕರೆಂಟ್ ಎಳೆದರೆ ವೋಲ್ಟೇಜ್ ಚೆನ್ನಾಗಿ ಇಳಿಯಲೇಬೇಕು ಅಲ್ವಾ? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಮತ್ತೆ ಒತ್ತಿಸಿದೆ. ಅರ್ಧ ವೋಲ್ಟ್ ದಾಟಬಾರದು, 7 ತೋರಿಸಿತು. ಬ್ಯಾಟರಿಯ ಮೈನಸ್ ವೈರನ್ನು ಇಂಜಿನ್ ಮೈಗೆ ಸೇರಿಸುವ ಅರ್ತ್ ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಕಿಲುಬು, ತೊಳೆಯದೆ ಬಿಟ್ಟ ಹಿತ್ತಾಳೆ ಚೊಂಬಿನ ಒಳಗಿರುತ್ತಲ್ಲ, ಹಾಗೆ. ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಇಂಜಿನ್ ಗಿರ್ ಅಂತ ತಿರುಗಿತು.

ಆದರೆ ಹತ್ತಲಿಲ್ಲ. ಪ್ಲಗ್ ಎರಡನ್ನೂ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿಗೆ ತಾಗಿಸಿಟ್ಟು ನೋಡಿದೆ. ವೈರನ್ನು ಸುಮ್ನೆ ನೇತುಬಿಟ್ಟು ತಿರುಗಿಸಬೇಡಿ, ಚೆನ್ನಾಗಿರೋ ಸಿಡಿಐ ಕೂಡ ಸುಟ್ಟುಹೋಗಬಹುದು. ಎರಡರಲ್ಲೂ ಕಿಡಿ ಇಲ್ಲ. ಗಿರಾಕಿ ಹೊಸ ಡಬ್ಬಿ ಬಿಚ್ಚೋಕೆ ಹೊರಟರು. ತಡೀರಿ ಅಂದೆ.

ಆರ್‌ಎಕ್ಸ್ 100ನಲ್ಲಿ ಕೀ ಆಫ್ ಮಾಡಿದರೆ ಏನಾಗುತ್ತದೆ? ಸಿಡಿಐನಿಂದ ಬರುವ ಒಂದು ವೈರ್ ಅರ್ತ್‌ಗೆ ಸೇರುತ್ತದೆ, ಕಿಡಿ ಸಾಯುತ್ತದೆ. ಈ ಗಾಡಿಯಲ್ಲಿ ಆ ಹಗ್ಗದ ಕ್ಲಿಪ್ ಸಿಕ್ಕಿಸುವ ಸ್ಟಾಪ್ ಸ್ವಿಚ್ಚಿನದೂ ಅದೇ ಲೆಕ್ಕ. ಅದರ ಕನೆಕ್ಟರ್ ಎಳೆದು ಬಿಡಿಸಿ ತಿರುಗಿಸಿದೆ. ಚಟ್ ಚಟ್ ಅಂತ ನೀಲಿ ಕಿಡಿ, ಎರಡರಲ್ಲೂ! ಸ್ವಿಚ್ಚಿನೊಳಗೆ ಉಪ್ಪುನೀರು ಹೊಕ್ಕು ಒಣಗಿ, ಆಫ್ ಮಾಡದೆಯೇ ಆಫ್ ಆಗಿತ್ತು. ಚಿಪ್ ಇರುವ ಕೀಯ ಹೊಸ ಗಾಡಿಗಳಲ್ಲಿ ಈ ಆಟ ನಡೆಯಲ್ಲ. ಪರೀಕ್ಷೆಗೆ ಮಾತ್ರ ಬಿಡಿಸಿದ್ದು, ಆಮೇಲೆ ಹೊಸ ಸ್ವಿಚ್ ತರಿಸಿಯೇ ಹಾಕಿದೆ. ಅದಿಲ್ಲದೆ ಓಡಿಸಿದರೆ ಬಿದ್ದವನನ್ನು ಬಿಟ್ಟು ಗಾಡಿ ಹೋಗಿಬಿಡುತ್ತದೆ.

ಕೊನೆಗೆ, ನೀರಿನ ಹೊರಗೂ ಇಂಜಿನ್ ತಣ್ಣಗಿರಲಿ ಅಂತ, ನಲ್ಲಿ ಪೈಪ್ ಜೋಡಿಸಿ ಸ್ಟಾರ್ಟ್ ಮಾಡಿದೆ. ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್. ಉಲ್ಟಾ ಮಾಡಿದರೆ ನೀರು ಸೈಲೆನ್ಸರ್ ಕಡೆಯಿಂದ ಸಿಲಿಂಡರಿಗೇ ನುಗ್ಗುತ್ತದೆ. ಶೆಡ್ ತುಂಬ ಹೊಗೆ, ಹುಡುಗರ ಕೇಕೆ. ಸಿಡಿಐ ಡಬ್ಬಿ ಸೀಲ್ ಒಡೆಯದೆ ವಾಪಸ್ ಹೋಯಿತು.