ಲಕ್ಷ ಕಿ.ಮೀ. ದಾಟಿದ ಪಿಕಪ್‌ಗೆ ಹೊಸ ಪ್ಲಗ್, ತಕ್ಕ ಇಂಧನ

ತರಕಾರಿ ಮಂಡಿ, ಹಾಲಿನ ಡೇರಿ, ಹಾರ್ಡ್‌ವೇರ್ ಅಂಗಡಿಗಳ ಮುಂದೆ ನಿಲ್ಲುವ ಸಣ್ಣ ಗೂಡ್ಸ್ ಗಾಡಿಗಳೆಲ್ಲವೂ ಈಗ ಡೀಸೆಲಿನವೇ ಆಗಿರುವುದಿಲ್ಲ. ಮಾರುತಿ ಸುಜುಕಿ ಸೂಪರ್ ಕ್ಯಾರಿ (ನಾಲ್ಕು ಸಿಲಿಂಡರ್, ಮೊದಲ ಪೆಟ್ರೋಲ್ ಮಾದರಿ 1196 ಸಿಸಿ), ಟಾಟಾ ಏಸ್ ಗೋಲ್ಡ್ ಪೆಟ್ರೋಲ್ (ಎರಡು ಸಿಲಿಂಡರ್, 694 ಸಿಸಿ), ಇವುಗಳ ಸಿಎನ್‌ಜಿ ಮಾದರಿಗಳು ಊರೂರಲ್ಲಿ ಓಡುತ್ತಿವೆ. ಈ ಲೇಖನ ಅಂಥ ಗಾಡಿಗಳಿಗೆ. ಡೀಸೆಲ್ ಪಿಕಪ್‌ನಲ್ಲಿ ಸ್ಪಾರ್ಕ್ ಪ್ಲಗ್ (ಕಿಡಿ ಹಾರಿಸಿ ಇಂಧನ ಹೊತ್ತಿಸುವ ಭಾಗ) ಇರುವುದೇ ಇಲ್ಲ.

ಗಾಡಿ ಲಕ್ಷ ಕಿ.ಮೀ. ದಾಟಿದ ಮೇಲೆ ಪ್ಲಗ್ ಬದಲಿಸುವುದು ಬರೀ ಹಳೆಯದನ್ನು ತೆಗೆದು ಹೊಸದನ್ನು ಹಾಕುವ ಕೆಲಸವಲ್ಲ. ಇಂಜಿನ್ನಿನ ಒಳಗೆ ಏನು ನಡೆಯುತ್ತಿದೆ, ಯಾವ ಇಂಧನ ಹೇಗೆ ಉರಿಯುತ್ತಿದೆ ಎಂಬುದನ್ನು ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚದೆ ನೋಡಲು ಸಿಗುವ ಅವಕಾಶ ಅದು. ಹಳೆಯ ಪ್ಲಗ್ಗನ್ನು ನೋಡದೆಯೇ ಕಸದ ಬುಟ್ಟಿಗೆ ಹಾಕಿದರೆ ಅರ್ಧ ಕೆಲಸ ಬಿಟ್ಟಂತೆ.

ಯಾವಾಗ ಬದಲಿಸಬೇಕು?

ಸಾಮಾನ್ಯ ನಿಕ್ಕಲ್ ಪ್ಲಗ್ ಪೆಟ್ರೋಲಿನಲ್ಲಿ 30ರಿಂದ 40 ಸಾವಿರ ಕಿ.ಮೀ. ಬಾಳುತ್ತದೆ. ಇರಿಡಿಯಂ ಪ್ಲಗ್ ಲಕ್ಷದ ಹತ್ತಿರ ಹೋಗಬಹುದು. ಸಿಎನ್‌ಜಿಯಲ್ಲೇ ಹೆಚ್ಚು ಓಡುವ ಗಾಡಿಗೆ ಈ ಲೆಕ್ಕವನ್ನು ಇಳಿಸಿಕೊಳ್ಳಬೇಕು. ಗ್ಯಾಸ್ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ (ಕಿಡಿ ಹಾರುವ ಸಂದು) ಅಗಲವಾದಷ್ಟೂ ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ ಭಾರ ಬೀಳುತ್ತದೆ, ಕೊನೆಗೆ ಕಾಯಿಲ್ ಸುಟ್ಟು ಕೂರುತ್ತದೆ. ಪ್ಲಗ್‌ಗೆ ಉಳಿಸಿದ ದುಡ್ಡಿನ ಹಲವು ಪಟ್ಟು ಕಾಯಿಲ್‌ಗೆ ಹೋಗುತ್ತದೆ.

ಲೋಡ್ ಹಾಕಿಕೊಂಡು ಏರು ಹತ್ತುವಾಗ ಸಿಎನ್‌ಜಿಯಲ್ಲಿ ಇಂಜಿನ್ ಮಿಸ್ ಹೊಡೆಯುತ್ತದೆ (ಉರಿ ತಪ್ಪಿ ತಡವರಿಸುತ್ತದೆ), ಪೆಟ್ರೋಲಿಗೆ ಬದಲಿಸಿದ ಕೂಡಲೇ ಸರಿಯಾಗುತ್ತದೆ ಎಂದಾದರೆ ಮೊದಲು ಪ್ಲಗ್ ನೋಡಿ. ಬಹಳ ಮಂದಿ ಇದನ್ನು ಗ್ಯಾಸ್ ಕಿಟ್ಟಿನ ದೋಷ ಎಂದುಕೊಂಡು ರೆಗ್ಯುಲೇಟರ್ ಬಿಚ್ಚಿಸುತ್ತಾರೆ.

ಕೊಳ್ಳುವಾಗ

ಪ್ಲಗ್‌ನ ನಂಬರನ್ನು ಓನರ್ಸ್ ಮ್ಯಾನುಯಲ್ ನೋಡಿಯೇ ತರಬೇಕು. ಹಳೆಯ ಪ್ಲಗ್ಗನ್ನು ಅಂಗಡಿಗೆ ಒಯ್ದು ‘ಇಂಥದ್ದೇ ಕೊಡಿ’ ಅಂದರೆ, ಹಿಂದೆ ಯಾರೋ ಹಾಕಿದ ತಪ್ಪು ಪ್ಲಗ್ಗೇ ಮತ್ತೆ ಬರಬಹುದು. ಎನ್‌ಜಿಕೆ ಪ್ಲಗ್ಗಿನ ನಂಬರಿನ ಕೊನೆಯಲ್ಲಿ 11 ಎಂದಿದ್ದರೆ ಗ್ಯಾಪ್ 1.1 ಮಿ.ಮೀ., 10 ಎಂದಿದ್ದರೆ 1.0 ಮಿ.ಮೀ. ನಡುವೆ ಬರುವ ಅಂಕಿ ಶಾಖದ ಶ್ರೇಣಿ, ಅಂದರೆ ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದು. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ‘ತಂಪು’, ಬಾಷ್‌ನಲ್ಲಿ ದೊಡ್ಡದಾದಷ್ಟೂ ‘ಬಿಸಿ’. ಬ್ರಾಂಡ್ ಬದಲಿಸುವಾಗ ಅಂಕಿ ನೋಡಿ ಅಂದಾಜು ಕಟ್ಟಿದರೆ ಎಡವುವುದು ಇಲ್ಲೇ. ಆರ್ ಅಕ್ಷರ ಇದ್ದರೆ ಒಳಗೆ ರೆಸಿಸ್ಟರ್ ಇದೆ ಎಂದರ್ಥ. ಇಂಜೆಕ್ಷನ್ ಗಾಡಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಹೋಗುವ ಸಿಗ್ನಲ್ ಕೆಡುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ಜಿಲ್ಲಾ ಕೇಂದ್ರದ ಸ್ಪೇರ್ಸ್ ಅಂಗಡಿಯಿರಲಿ, ನಕಲಿ ಪ್ಲಗ್ ಗುರುತಿಸಲು ಮೂರು ಕಡೆ ಕಣ್ಣಾಡಿಸಿ. ಪಿಂಗಾಣಿಯ ಮೇಲಿನ ಅಕ್ಷರ ಉಗುರಿಗೆ ಅಳಿಸಬಾರದು. ಥ್ರೆಡ್ ನುಣುಪಾಗಿರಬೇಕು. ವಾಷರ್ ತಿರುಗಬೇಕು, ಆದರೆ ಎಳೆದರೆ ಸುಲಭವಾಗಿ ಕಳಚಿ ಬರಬಾರದು. ಮಲ್ಟಿಮೀಟರ್ ಇದ್ದರೆ ಮೇಲಿನ ತುದಿಯಿಂದ, ಕಿಡಿ ಹಾರುವ ಕಡೆಯ ನಡುವಿನ ಲೋಹದ ಕಡ್ಡಿ ಅಂದರೆ ಎಲೆಕ್ಟ್ರೋಡ್‌ಗೆ ಹಿಡಿದು ನೋಡಿ: ರೆಸಿಸ್ಟರ್ ಪ್ಲಗ್ ಸಾಮಾನ್ಯವಾಗಿ 3ರಿಂದ 7 ಕಿಲೋ ಓಮ್ ತೋರಿಸುತ್ತದೆ. ಒಂದೇ ಸೆಟ್ಟಿನ ಪ್ಲಗ್‌ಗಳಲ್ಲಿ ಒಂದೊಂದು ಒಂದೊಂದು ಬೇರೆ ಅಂಕಿ ತೋರಿಸಿದರೆ ವಾಪಸ್ ಕೊಡಿ.

ಬಿಚ್ಚುವುದು

ಬೇಕಾಗುವ ಸಾಮಾನು: ಒಳಗೆ ರಬ್ಬರ್ ಅಥವಾ ಅಯಸ್ಕಾಂತ ಇರುವ ಪ್ಲಗ್ ಸಾಕೆಟ್ (14 ಮಿ.ಮೀ. ಥ್ರೆಡ್ಡಿನ ಪ್ಲಗ್‌ಗಳಿಗೆ ಹೆಚ್ಚಾಗಿ 16 ಮಿ.ಮೀ. ಸಾಕೆಟ್, ಹಳೆಯ ಬಗೆಯವಕ್ಕೆ 21), ಉದ್ದನೆಯ ಎಕ್ಸ್‌ಟೆನ್ಷನ್, ರ್‍ಯಾಚೆಟ್, ಟಾರ್ಕ್ ರೆಂಚ್, ಫೀಲರ್ ಗೇಜ್, ಕಾಯಿಲ್ ಬೋಲ್ಟಿಗೆ 10 ಮಿ.ಮೀ. ಸಾಕೆಟ್, ಗಾಳಿ ಊದಲು ಕಂಪ್ರೆಸರ್ ಅಥವಾ ಸೈಕಲ್ ಪಂಪ್, ಮತ್ತೆ ಒಂದು ಗೇಣು ಪೆಟ್ರೋಲ್ ಪೈಪ್.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೈ ಹಾಕುವುದು ಉತ್ತಮ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿಯಲ್ಲಿ ತಿರುಗಿಸಿದರೆ ಪ್ಲಗ್‌ನ ಜೊತೆಗೆ ಹೆಡ್ಡಿನ ಥ್ರೆಡ್ಡೂ ಕಿತ್ತು ಬರುತ್ತದೆ. ಸಿಎನ್‌ಜಿ ಇದ್ದರೆ ಗ್ಯಾಸ್ ಸಿಲಿಂಡರಿನ ಕೈ ವಾಲ್ವ್ ಮುಚ್ಚಿ. ಬ್ಯಾಟರಿಯ ನೆಗೆಟಿವ್ ಕಳಚಿ.

ಈ ಗಾಡಿಗಳಲ್ಲಿ ಇಂಜಿನ್ ಇರುವುದು ಸೀಟಿನ ಕೆಳಗೆ. ರಸ್ತೆಯ ಧೂಳು, ಮಣ್ಣು, ಕಾಲಲ್ಲಿ ಬಂದ ಮರಳು ಎಲ್ಲ ಅಲ್ಲೇ ಸೇರುತ್ತದೆ. ಪ್ಲಗ್ ಕೂರುವ ಗುಂಡಿಯಲ್ಲಿ ಬೆರಳುದ್ದ ಧೂಳು ತುಂಬಿರುವುದೂ ಉಂಟು. ಮೊದಲೇ ಪ್ಲಗ್ ಬಿಚ್ಚಿದರೆ ಅದೆಲ್ಲ ನೇರ ಸಿಲಿಂಡರಿಗೆ ಬಿದ್ದು ಬೋರನ್ನು (ಒಳಗೋಡೆಯನ್ನು) ಗೀರುತ್ತದೆ. ಆದ್ದರಿಂದ ಕಾಯಿಲ್ ಅಥವಾ ಪ್ಲಗ್ ವೈರ್ ತೆಗೆದ ಮೇಲೆ ಗಾಳಿ ಊದಿ, ಪ್ಲಗ್ಗನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಮತ್ತೊಮ್ಮೆ ಊದಿ, ಆಮೇಲೆ ಪೂರ್ತಿ ಬಿಚ್ಚಿ. ವೈರ್ ಇರುವ ಇಂಜಿನ್ ಆದರೆ ವೈರನ್ನೇ ಹಿಡಿದು ಎಳೆಯಬೇಡಿ, ರಬ್ಬರ್ ಬೂಟ್ ಹಿಡಿದು ಸ್ವಲ್ಪ ತಿರುಗಿಸಿ ಎತ್ತಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದೇ ಸಿಲಿಂಡರ್ ಮುಗಿಸಿದರೆ ವೈರ್ ಅದಲು ಬದಲಾಗುವ ಭಯವಿಲ್ಲ.

ಪ್ಲಗ್ ಬಿಗಿಯಾಗಿ ಹಿಡಿದಿದ್ದರೆ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪ್ ಹಾಕಿ ಒತ್ತಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ. ನಂತರ ಸ್ವಲ್ಪ ಸಡಿಲಿಸುವುದು, ಸ್ವಲ್ಪ ಬಿಗಿ ಮಾಡುವುದು, ಹೀಗೆ ಹಿಂದೆ ಮುಂದೆ ಆಡಿಸುತ್ತ ಬಿಚ್ಚಿ. ಕರಕರ ಸದ್ದು ಬಂದರೆ ನಿಲ್ಲಿಸಿ ಮತ್ತೆ ಎಣ್ಣೆ ಬಿಡಿ.

ಹಳೆಯ ಪ್ಲಗ್ ನೋಡಿ

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ಪೆಟ್ರೋಲಿನಲ್ಲಿ ಓಡಿದ ಇಂಜಿನ್ನಿನ ಪ್ಲಗ್ ತಿಳಿಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಎಲ್ಲ ಸರಿಯಿದೆ. ಕೈಗೆ ಅಂಟುವ ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಗಾಡಿ ಬಿಸಿಯಾಗುವಷ್ಟು ದೂರ ಓಡುತ್ತಲೇ ಇಲ್ಲ. ಕಪ್ಪು, ಒದ್ದೆ, ಎಣ್ಣೆಯ ಹೊಳಪು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಇಂಥಲ್ಲಿ ಹೊಸ ಪ್ಲಗ್ ಸ್ವಲ್ಪ ದಿನಕ್ಕಷ್ಟೇ ಮದ್ದು. ಎಲೆಕ್ಟ್ರೋಡ್ ಕರಗಿ, ಪಿಂಗಾಣಿಯಲ್ಲಿ ಬೊಬ್ಬೆ ಎದ್ದಿದ್ದರೆ ಇಂಜಿನ್ ವಿಪರೀತ ಕಾಯುತ್ತಿದೆ: ಕೂಲಂಟ್, ಟೈಮಿಂಗ್, ಪ್ಲಗ್ ನಂಬರ್ ಮೂರನ್ನೂ ನೋಡಬೇಕು.

ಸಿಎನ್‌ಜಿ ಗಾಡಿಯಲ್ಲಿ ಇದೇ ಅಳತೆಗೋಲು ಹಿಡಿದರೆ ಮೋಸ ಹೋಗುತ್ತೀರಿ. ಗ್ಯಾಸಿನಲ್ಲಿ ಮಸಿ ಕಡಿಮೆ, ಪ್ಲಗ್ ಬಿಳಿಚಿಕೊಂಡೇ ಇರುತ್ತದೆ. ಅದು ರೋಗವಲ್ಲ. ಪಿಂಗಾಣಿಯ ಹೊರಗೆ, ಲೋಹ ಶುರುವಾಗುವಲ್ಲಿ ಕಾಣುವ ಕಂದು ವರ್ತುಲವನ್ನೂ ಹಲವರು ಗ್ಯಾಸ್ ಸೋರಿಕೆ ಎಂದು ತಿಳಿಯುತ್ತಾರೆ. ಹೆಚ್ಚು ವೋಲ್ಟೇಜಿನಿಂದ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು, ತೊಂದರೆಯಿಲ್ಲ. ಆದರೆ ಮೇಲಿನ ಗುಂಡಿಯಲ್ಲೇ ಇಂಜಿನ್ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಸೀಲ್ ಹೋಗಿದೆ. ಅದನ್ನು ಸರಿ ಮಾಡದೆ ಪ್ಲಗ್ ಹಾಕಿದರೆ ಕಾಯಿಲ್‌ನ ರಬ್ಬರ್ ಊದಿಕೊಂಡು ಹಾಳಾಗುತ್ತದೆ.

ಹಾಕುವುದು

ಹೊಸ ಪ್ಲಗ್‌ನ ಗ್ಯಾಪನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ತಿದ್ದಬೇಕಾದರೆ ಹೊರಗಿನ ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಬಗ್ಗಿಸಿ. ಇರಿಡಿಯಂನ ಸೂಜಿ ತುದಿಗೆ ಏನನ್ನೂ ತಾಗಿಸಬೇಡಿ, ಮುರಿಯುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹಾಕಲೇಬಾರದು. ಕಣ್ಣಿಗೆ ಕಾಣದ ಬಿರುಕಿನಲ್ಲಿ ಕಿಡಿ ಹಾದುಹೋಗಿ, ಲೋಡ್ ಬಿದ್ದಾಗ ಮಾತ್ರ ಮಿಸ್ ಹೊಡೆಯುವ, ಹುಡುಕಿದರೂ ಸಿಗದ ತೊಂದರೆ ಶುರುವಾಗುತ್ತದೆ.

ಈಗ ಆ ಪೆಟ್ರೋಲ್ ಪೈಪಿನ ಕೆಲಸ. ಪ್ಲಗ್‌ನ ತಲೆಗೆ ಪೈಪ್ ಸಿಕ್ಕಿಸಿ, ಗುಂಡಿಯೊಳಗೆ ಇಳಿಸಿ, ಬೆರಳಿನಿಂದ ತಿರುಗಿಸಿ. ಥ್ರೆಡ್ ಸರಿಯಾಗಿ ಕಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಓರೆಯಾಗಿದ್ದರೆ ಪೈಪೇ ಜಾರುತ್ತದೆ, ಹೆಡ್ ಉಳಿಯುತ್ತದೆ. ರ್‍ಯಾಚೆಟ್ ಹಾಕಿ ಶುರು ಮಾಡಿದವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ.

ಬಿಗಿತ ಎಷ್ಟು? ಮ್ಯಾನುಯಲ್ ಹೇಳಿದ್ದೇ ಮೊದಲು. ಅದು ಸಿಗದಿದ್ದರೆ ಅಲ್ಯೂಮಿನಿಯಂ ಹೆಡ್‌ಗೆ 14 ಮಿ.ಮೀ. ಪ್ಲಗ್ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್ 15ರಿಂದ 20. ಟಾರ್ಕ್ ರೆಂಚ್ ಇಲ್ಲದವರು ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ಗನ್ನು ಕೈಯಲ್ಲಿ ಕೂರಿಸಿದ ಮೇಲೆ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಅಂದರೆ ಮೂರನೇ ಎರಡು ಸುತ್ತಿನೊಳಗೆ ನಿಲ್ಲಿಸಬೇಕು. ಸಡಿಲ ಬಿಟ್ಟರೆ ಶಾಖ ಹೆಡ್‌ಗೆ ಇಳಿಯದೆ ಪ್ಲಗ್ ಸುಡುತ್ತದೆ. ಥ್ರೆಡ್‌ಗೆ ಗ್ರೀಸ್, ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಬಳಿಯುವ ಅಭ್ಯಾಸ ಬಿಡಿ. ಈಗಿನ ಪ್ಲಗ್‌ಗಳಿಗೆ ಲೋಹದ ಲೇಪನ ಇದ್ದೇ ಇರುತ್ತದೆ. ಮೇಲೆ ಗ್ರೀಸ್ ಹಚ್ಚಿದರೆ ಅದೇ ಟಾರ್ಕಿಗೆ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಕಾಯಿಲ್ ಬೂಟಿನ ಒಳಗೆ ಮಾತ್ರ ಒಂದಿಷ್ಟು ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಮಳೆಗಾಲದಲ್ಲಿ, ವಾಟರ್ ಸರ್ವೀಸ್ ಮಾಡಿಸಿದ ದಿನ ಅದರ ಬೆಲೆ ತಿಳಿಯುತ್ತದೆ.

ಹೊಸ ಪ್ಲಗ್ ಹಾಕಿದ ಮೇಲೂ ಒಂದು ಸಿಲಿಂಡರ್ ಮಿಸ್ ಆಗುತ್ತಿದ್ದರೆ ಅದರ ಕಾಯಿಲನ್ನು ಪಕ್ಕದ್ದಕ್ಕೆ ಬದಲಿಸಿ ನೋಡಿ. ಸ್ಕ್ಯಾನರಿನಲ್ಲಿ ಪಿ0301 (ಒಂದನೇ ಸಿಲಿಂಡರ್ ಮಿಸ್ ಎಂಬ ಕೋಡ್) ಇದ್ದದ್ದು ಪಿ0302 (ಎರಡನೆಯದು) ಆದರೆ ಕಾಯಿಲ್ಲೇ ಕೆಟ್ಟಿದೆ. ಜಾಗ ಬದಲಾಗದಿದ್ದರೆ ಇಂಜೆಕ್ಟರ್, ವಾಲ್ವ್ ಕಡೆ ಹೋಗಬೇಕು. ಚೆಕ್ ಇಂಜಿನ್ ದೀಪ ಮಿನುಗುತ್ತಿರುವಾಗ ಲೋಡ್ ಹೊತ್ತು ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಯಾವ ಪೆಟ್ರೋಲ್?

ಇ20, ಅಂದರೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇ10ಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ 1ರಿಂದ 2, ಇನ್ನೂ ಹಳೆಯ ವಿನ್ಯಾಸದವುಗಳಲ್ಲಿ ಶೇ 6ರಿಂದ 7ರವರೆಗೆ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಪ್ಲಗ್ ಬದಲಿಸಿಯೂ ಹಳೆಯ ಮೈಲೇಜ್ ಪೂರ್ತಿ ಬರಲಿಲ್ಲ ಎಂದು ಮೆಕ್ಯಾನಿಕ್ ಮೇಲೆ ಸಿಟ್ಟಾಗುವ ಮುನ್ನ ಇದು ನೆನಪಿರಲಿ.

ಹೆಚ್ಚು ಆಕ್ಟೇನ್ ಹಾಕಿದರೆ ಎಳೆತ ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಆಕ್ಟೇನ್ ಎಂದರೆ ಇಂಧನ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ, ಶಕ್ತಿಯ ಅಳತೆಯಲ್ಲ. ಇ20 ಪೆಟ್ರೋಲಿನ ಮಾನದಂಡದಲ್ಲೇ ಕನಿಷ್ಠ ಆಕ್ಟೇನ್ 95 ಇದೆ. ಆದ್ದರಿಂದ ಕೆಲಸದ ಗಾಡಿಗೆ 95ರ ಪ್ರೀಮಿಯಂ ಪೆಟ್ರೋಲಿಗೆಂದು ಲೀಟರಿಗೆ ಹೆಚ್ಚು ಕೊಡುವುದರಲ್ಲಿ ದೊಡ್ಡ ಲಾಭವಿಲ್ಲ. 100 ಆಕ್ಟೇನ್ ಪೆಟ್ರೋಲಂತೂ ಸುಮಾರು ಒಂದೂವರೆ ಪಟ್ಟು ದುಬಾರಿ, ಬಾಡಿಗೆ ಗಾಡಿಗೆ ಗಿಟ್ಟುವುದಿಲ್ಲ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಲೋಡ್ ಹೊತ್ತು ಏರುವಾಗ ‘ಟಿಣ್ ಟಿಣ್’ ಎಂದು ನಾಕಿಂಗ್ (ಇಂಧನ ತಾನಾಗಿ ಹೊತ್ತಿಕೊಂಡಾಗಿನ ಬಡಿತ) ಕೇಳಿಸಿದರೆ, ಮೊದಲು ಗೇರ್ ಇಳಿಸಿ. ಆಗಲೂ ಹೋಗದಿದ್ದರೆ ಪಿಸ್ಟನ್ ಮೇಲೆ ಕಟ್ಟಿದ ಕಾರ್ಬನ್, ಕೂಲಂಟ್ ಮತ್ತು ಪ್ಲಗ್‌ನ ಶಾಖ ಶ್ರೇಣಿ ನೋಡಿಸಿ.

2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಲ್ಲಿ ಎಥೆನಾಲ್‌ನ ಪರಿಣಾಮ ಮೊದಲು ಕಾಣುವುದು ರಬ್ಬರಿನಲ್ಲಿ. ಪೆಟ್ರೋಲ್ ಪೈಪ್‌ಗಳನ್ನು ಬೆರಳಲ್ಲಿ ಹಿಂಡಿ ನೋಡಿ: ಮೆತ್ತಗೆ ಅಂಟಂಟಾಗಿದ್ದರೆ ಅಥವಾ ಮಡಚಿದಲ್ಲಿ ಬಿರುಕು ಕಂಡರೆ ಎಥೆನಾಲ್ ತಡೆಯುವ ಪೈಪ್ ಹಾಕಿಸಿ. ಬೆಳಿಗ್ಗೆ ಸೀಟಿನ ಕೆಳಗೆ ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಎಥೆನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನೂ ಎಬ್ಬಿಸುತ್ತದೆ, ಹಾಗಾಗಿ ಫಿಲ್ಟರ್ ಬೇಗ ಕಟ್ಟಬಹುದು.

ಸಿಎನ್‌ಜಿ ಸೂಪರ್ ಕ್ಯಾರಿಯವರು ವಿಶೇಷವಾಗಿ ಗಮನಿಸಬೇಕಾದ್ದು ಅದರ 5 ಲೀಟರಿನ ಪೆಟ್ರೋಲ್ ಟ್ಯಾಂಕ್. ಗ್ಯಾಸ್ ಖಾಲಿಯಾದಾಗ ಬಂಕ್ ಮುಟ್ಟಲೆಂದು ಇರುವ ಅದನ್ನು ತಿಂಗಳುಗಟ್ಟಲೆ ಮುಟ್ಟದವರೇ ಹೆಚ್ಚು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ನೀರಿನಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪ್ ಎಳೆಯುವುದು ಅದನ್ನೇ. ವಾರಕ್ಕೊಮ್ಮೆ ಹತ್ತು ಕಿ.ಮೀ. ಪೆಟ್ರೋಲಿನಲ್ಲಿ ಓಡಿಸಿ, ಖರ್ಚಾದಷ್ಟನ್ನು ಹೊಸದಾಗಿ ತುಂಬಿಸಿ. ಟ್ಯಾಂಕ್ ಬರಿದು ಬಿಡಬೇಡಿ. ಪಂಪ್ ತಣ್ಣಗಿರುವುದು ಪೆಟ್ರೋಲಿನಲ್ಲಿ ಮುಳುಗಿದ್ದರಷ್ಟೇ.

ಬಂಕಿನ ಪೆಟ್ರೋಲ್ ಮೇಲೆ ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಿ, ಕೊಡಲೇಬೇಕು. ನಾಝಲ್ ತುದಿ ಒರೆಸಿ ಒಂದು ಹನಿ ಬಿಡಿ. ಶುದ್ಧ ಪೆಟ್ರೋಲ್ ಎರಡು ನಿಮಿಷದೊಳಗೆ ಕಲೆ ಉಳಿಯದಂತೆ ಆರಬೇಕು. ಸಿಎನ್‌ಜಿ ತುಂಬಿಸುವವರು ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ತಾರೀಕನ್ನು ನೋಡಿಕೊಳ್ಳಿ. ಸುಮಾರು 200 ಬಾರ್ ಒತ್ತಡ ಹಿಡಿದಿಡುವ ಡಬ್ಬ ಅದು; ತಾರೀಕು ಮುಗಿದಿದ್ದರೆ ಪ್ಲಗ್‌ಗಿಂತ ಮೊದಲು ಆ ಟೆಸ್ಟ್ ಮಾಡಿಸಿ.