ಗಂಟು ನೋವು ಎಷ್ಟು ಅಂತ ಅಲ್ಲ, ಯಾವಾಗ ಅಂತ ನೋಡಿ

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವ ನಮ್ಮ ಊರ ಕಡೆಯವರು ಕೂರುವ ಮೊದಲೇ ರೋಗ ಹೇಳಿಬಿಡುತ್ತಾರೆ. "ಗಂಟಿನಲ್ಲಿ ಗ್ರೀಸ್ ಖಾಲಿಯಾಗಿದೆ ಮೇಡಂ." ಇರಬಹುದು. ಆದರೆ ನಾನು ಮೊದಲು ಕೇಳುವುದು, ನೋವು ಯಾವ ಹೊತ್ತಿಗೆ, ಏನು ಮಾಡುವಾಗ ಅಂತ. ಆಸ್ಟಿಯೋಆರ್ಥ್ರೈಟಿಸ್, ಅಂದರೆ ಗಂಟು ಸವೆತ, ಅಲ್ಲೇ ಸುಳಿವು ಕೊಡುತ್ತದೆ.

ಹೋಟೆಲಿನಲ್ಲಿ ವರ್ಷಗಟ್ಟಲೆ ದೋಸೆ ಕಾವಲಿ ಮುಂದೆ ನಿಂತ ಒಬ್ಬರು ಚೆನ್ನಾಗಿ ಹೇಳಿದರು: "ಬೆಳಿಗ್ಗೆ ಅಷ್ಟೇನಿಲ್ಲ. ಸಂಜೆ ಆಗುವಾಗ ಗಂಟು ಸೆಳೆಯುತ್ತದೆ. ರಜೆ ದಿನ ಆರಾಮ." ದುಡಿದರೆ ಜಾಸ್ತಿ, ಕೂತರೆ ಕಡಿಮೆ. ಸವೆತದ ನೋವು ಸಾಮಾನ್ಯವಾಗಿ ಹೀಗೇ.

ರೈಲ್ವೆ ಬ್ರಿಡ್ಜ್ ಮೇಲೆ ನಿಮ್ಮನ್ನೇ ಗಮನಿಸಿ. ಹೇಗೋ ಹತ್ತಿದಿರಿ. ಇಳಿಯುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಿದ್ದೀರಾ? ಮೊಣಕಾಲು ಸವೆತ ಮೊದಮೊದಲು ತಿಳಿಯುವುದು ಮೆಟ್ಟಿಲ ಮೇಲೆಯೇ. ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನ ಸೀಟು ಸಿಕ್ಕಿ ಇಲ್ಲಿಯವರೆಗೆ ಕೂತು ಬಂದವರಿಗೆ ಇನ್ನೊಂದು ತೊಂದರೆ. ಎದ್ದ ತಕ್ಷಣ ಕಾಲು ಬರುವುದಿಲ್ಲ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುತ್ತದೆ.

ಬೆಳಿಗ್ಗೆ ಎದ್ದಾಗ ಗಡಿಯಾರ ನೋಡಿ. ಬಿಗಿತ 30 ನಿಮಿಷದೊಳಗೆ ಬಿಟ್ಟರೆ ಸವೆತ ಇರುವ ಸಾಧ್ಯತೆ ಹೆಚ್ಚು. ಒಂದು ಗಂಟೆ ಕಳೆದರೂ ಬೆರಳು ಮಡಚಲು ಆಗುವುದಿಲ್ಲವೇ? ಎರಡೂ ಕೈಯ ಮಣಿಕಟ್ಟು, ಬೆರಳ ಬುಡದ ಗಂಟು ಊದಿವೆಯೇ? ಅದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಗಂಟಿನ ಮೇಲೆ ತಿರುಗಿಬೀಳುವ ರೋಗ, ಆಗಿರಬಹುದು. ಅದರ ಔಷಧಿಯೇ ಬೇರೆ. ತಡ ಮಾಡಿದಷ್ಟೂ ಗಂಟು ಹಾಳು. ಊರಿಂದ ತರಿಸಿದ ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕೈಯ ಸವೆತ ಬೇರೆ ಜಾಗ ಹಿಡಿಯುತ್ತದೆ. ಉಗುರಿನ ಹತ್ತಿರದ ಗಂಟಿನಲ್ಲಿ ಗಟ್ಟಿ ಉಬ್ಬು ಬರುತ್ತದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿದರೆ ಹೆಬ್ಬೆರಳ ಬುಡ ನೋಯುತ್ತದೆ. ಅಮ್ಮನಿಗೆ ಇದ್ದರೆ ಮಗಳಿಗೂ ಬರುವುದುಂಟು.

ಸೊಂಟದ ಕೀಲು ಸವೆದರೆ ನೋವು ತೊಡೆಸಂದಿನಲ್ಲಿ. ಸಾಕ್ಸ್ ಹಾಕುವುದು, ಚಕ್ಕಳಮಕ್ಕಳ ಕೂರುವುದು ಕಷ್ಟವಾಗುತ್ತದೆ. ಕೆಲವರಿಗೆ ನೋವು ಮೊಣಕಾಲಲ್ಲಷ್ಟೇ ತಿಳಿಯುವುದೂ ಇದೆ. ಹಾಗಾಗಿ ಮೊಣಕಾಲು ನೋಡುವಾಗ ನಾನು ಸೊಂಟವನ್ನೂ ತಿರುಗಿಸಿ ನೋಡುತ್ತೇನೆ.

ಗಂಟು ಕಟಕಟ ಅನ್ನುತ್ತದೆ, ನೋವಿಲ್ಲ, ಊತವಿಲ್ಲ ಅಂದರೆ ಸುಮ್ನೆ ಬಿಡಿ. ಆದರೆ ಗಂಟು ಇದ್ದಕ್ಕಿದ್ದಂತೆ ಊದಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಕಾಲೂರಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಸೋಂಕು ಇರಬಹುದು.

ಎಕ್ಸ್‌ರೇ ವಿಷಯ. 45 ದಾಟಿದವರಲ್ಲಿ ಲಕ್ಷಣಗಳು ಸ್ಪಷ್ಟವಾಗಿದ್ದರೆ ಅದು ಎಲ್ಲರಿಗೂ ಬೇಕಾಗುವುದಿಲ್ಲ. ಫಿಲ್ಮಿನಲ್ಲಿ ಸವೆತ ಜೋರಾಗಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ. ಫಿಲ್ಮ್ ಚೆನ್ನಾಗಿದ್ದೂ ನರಳುವವರಿದ್ದಾರೆ. ಡಾಕ್ಟರಿಗೆ ಬೆಳಗಿನ ಬಿಗಿತ ಎಷ್ಟು ನಿಮಿಷ, ಮೆಟ್ಟಿಲು ಹತ್ತುವಾಗ ನೋವೋ ಇಳಿಯುವಾಗಲೋ, ಇದನ್ನು ಹೇಳಿ. ಮೆಡಿಕಲ್‌ನಿಂದ ನೀವೇ ತಂದು ನುಂಗುತ್ತಿರುವ ನೋವಿನ ಮಾತ್ರೆಯ ಹಾಳೆಯನ್ನೂ ತೋರಿಸಿ. ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಅವುಗಳಲ್ಲಿ ಹಲವು ಆಗಿಬರುವುದಿಲ್ಲ.